ಬಿಕಾಂ ಮೊದಲ ವರ್ಷ, ದಿನಾ ಗದಗ–ಹುಬ್ಬಳ್ಳಿ ಅಪ್‌ಡೌನ್: ಕಾಲೇಜಿನಲ್ಲಿ ಯಾವುದಕ್ಕೆ ಸೇರಬೇಕು?

ಗದಗ ಪ್ಯಾಸೆಂಜರ್
ಎಲ್ಲರಿಗೂ ನಮಸ್ಕಾರ್ರಿ. ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಿಕಾಂ ಮೊದಲ ಸೆಮಿಸ್ಟರ್. ಮನೆ ಬೆಟಗೇರಿ. ಬೆಳಿಗ್ಗೆ ಟ್ರೇನು, ಸಂಜೆ ಟ್ರೇನೋ ಬಸ್ಸೋ ಸಿಕ್ಕಿದ್ದು. ಕ್ಲಾಸ್ ಮುಗಿದ ಕೂಡಲೇ ಸ್ಟೇಷನ್ ಕಡೆ ಓಡುತ್ತೇನೆ. ಹಾಗಾಗಿ ಕಾಲೇಜಿನಲ್ಲಿ ನನಗೆ ಗೊತ್ತಿರುವವರು ಬೆಂಚಿನ ಆಚೀಚೆ ಕೂರುವವರು ಮಾತ್ರ.

ಕಳೆದ ವಾರ ಸೀನಿಯರ್‌ಗಳು ಗುಂಪು ಗುಂಪಾಗಿ ಕ್ಲಾಸಿಗೆ ಬಂದು ಭಾಷಣ ಮಾಡಿ ಹೋದರು. ಎನ್ನೆಸ್ಸೆಸ್, ಎನ್‌ಸಿಸಿ, ಯೂತ್ ರೆಡ್ ಕ್ರಾಸ್, ಕಲ್ಚರಲ್ಸ್, ಕಾಮರ್ಸ್ ಅಸೋಸಿಯೇಷನ್, ಮ್ಯಾನೇಜ್‌ಮೆಂಟ್ ಫೆಸ್ಟ್ ಕಮಿಟಿ, ಇನ್ನೂ ಏನೇನೋ. ತಮ್ಮದಕ್ಕೆ ಸೇರದಿದ್ದರೆ ಕಾಲೇಜು ಜೀವನವೇ ವೇಸ್ಟ್ ಅಂತ ಎಲ್ಲರೂ ಹೇಳಿದರು. ಅಪ್ಪ ಹೇಳುವುದು ಬೇರೆ: ಓದೋಕೆ ಕಳಿಸಿದ್ದು, ಕುಣಿಯೋಕಲ್ಲ. ಹತ್ತನೇವರೆಗೆ ನಾನು ಕನ್ನಡ ಮಾಧ್ಯಮ, ಸ್ಟೇಜ್ ಹತ್ತಿ ಇಂಗ್ಲಿಷಿನಲ್ಲಿ ಮಾತಾಡು ಎಂದರೆ ಕೈಕಾಲು ನಡುಗುತ್ತವೆ.

ಯಾವುದಕ್ಕೆ ಸೇರಲಿ? ಮುಂದೆ ಕೆಲಸಕ್ಕೆ ಇದರಿಂದ ಉಪಯೋಗ ಇದೆಯಾ, ಅಥವಾ ಸುಮ್ನೆ ಸರ್ಟಿಫಿಕೇಟ್ ಕೂಡಿಸುವುದಾ? ನಾಲ್ಕರ ನಂತರ ಉಳಿಯಲು ಆಗುವುದಿಲ್ಲ. ಅದನ್ನು ನೆನಪಿಟ್ಟುಕೊಂಡು ಹೇಳ್ರಿ.

ಉಣಕಲ್ ಗಾಳಿ
ತಮ್ಮಾ, ಕಣ್ಣುಮುಚ್ಚಿ ಎನ್ನೆಸ್ಸೆಸ್ ಸೇರು. ಹಳ್ಳಿ ಕ್ಯಾಂಪಿನಲ್ಲಿ ಒಟ್ಟಿಗೆ ಕಸ ಹೊಡೆದು, ಒಟ್ಟಿಗೆ ಅಡುಗೆ ಮಾಡಿ, ರಾತ್ರಿ ಶಾಲೆಯ ಪಡಸಾಲೆಯಲ್ಲಿ ಸಾಲಾಗಿ ಮಲಗಿದರೆ ಗೆಳೆಯರು ತಾವಾಗಿ ಆಗುತ್ತಾರೆ. ಇಂಗ್ಲಿಷ್ ಬೇಕಾಗಿಲ್ಲ, ಸ್ಟೇಜ್ ಬೇಕಾಗಿಲ್ಲ.

ಗದಗ ಪ್ಯಾಸೆಂಜರ್
ಅಣ್ಣಾ, ನಾನು ತಮ್ಮ ಅಲ್ಲ, ತಂಗಿ 😄 ಕ್ಯಾಂಪ್ ಎಂದರೆ ರಾತ್ರಿ ಉಳಿಯಬೇಕಾ? ಮನೆಯಲ್ಲಿ ಒಪ್ಪಿಸುವುದು ಕಷ್ಟ.

ಸಪ್ತಾಪುರ ರೀಡಿಂಗ್ ರೂಮ್
ಯಾವುದಕ್ಕೂ ಸೇರಬೇಡ. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡ. ಧಾರವಾಡಕ್ಕೆ ಬಂದು ಸಪ್ತಾಪುರದ ಒಂದು ಓಣಿ ಸುತ್ತಿ ನೋಡು. ಡಿಗ್ರಿಯಲ್ಲಿ ಡ್ಯಾನ್ಸು, ಫೆಸ್ಟು, ರ‍್ಯಾಂಪ್ ವಾಕು ಅಂತ ಮೂರು ವರ್ಷ ಕಳೆದವರೆಲ್ಲ ಈಗ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ರೀಡಿಂಗ್ ರೂಮಿನಲ್ಲಿ ಕೂತಿದ್ದಾರೆ. ಮೊದಲ ವರ್ಷದಿಂದಲೇ ದಿನಾ ಎರಡು ತಾಸು ಓದಿದ್ದರೆ ಇಲ್ಲಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ. ಫೆಸ್ಟ್ ಸರ್ಟಿಫಿಕೇಟ್ ತೋರಿಸಿದರೆ ಕೆಪಿಎಸ್‌ಸಿ ಒಂದು ಮಾರ್ಕೂ ಕೊಡುವುದಿಲ್ಲ. ಟ್ರೇನಿನಲ್ಲಿ ಸಿಗುವ ಟೈಮ್ ಇದೆಯಲ್ಲ, ಅದೇ ನಿನ್ನ ಕ್ಯಾಂಪಸ್ ಲೈಫ್.

ಮಿರ್ಚಿ ಗಿರ್ಮಿಟ್
ಟ್ರೇನಿನಲ್ಲಿ ಸೀಟು ಸಿಕ್ಕರೆ ತಾನೇ ಓದುವುದು ಸರ್ರ.

ಲೆಡ್ಜರ್ ಅಕ್ಕ
ಸಪ್ತಾಪುರದವರ ಮಾತು ಅವರ ದಾರಿಗೆ ಸರಿ. ಆದರೆ ಈ ಹುಡುಗಿ ಸರ್ಕಾರಿ ನೌಕರಿ ಬೇಕು ಅಂತ ಎಲ್ಲೂ ಹೇಳಿಲ್ಲ. ಬಿಕಾಂ ಓದುವವರಿಗೆ ಕಾಲೇಜಿನ ಚಟುವಟಿಕೆಯಲ್ಲಿ ಒಂದು ವಿಶೇಷ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಪುಸ್ತಕದಲ್ಲಿ ಓದಿದ ಅಕೌಂಟ್ಸು ಅಲ್ಲಿ ನಿಜವಾದ ದುಡ್ಡಿನ ಮೇಲೆ ನಡೆಯುತ್ತದೆ.

ನಾನು ಧಾರವಾಡದಲ್ಲಿ ಓದಿದ್ದು, ಈಗ ಹುಬ್ಬಳ್ಳಿಯ ಒಂದು ಡೀಲರ್ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಕಾಲೇಜಿನಲ್ಲಿ ಫೆಸ್ಟ್ ಮಾಡುವಾಗ ಎಲ್ಲರಿಗೂ ಆ್ಯಂಕರಿಂಗ್ ಬೇಕು, ಡ್ಯಾನ್ಸ್ ಬೇಕು, ಸ್ಟೇಜ್ ಮೇಲೆ ಹೂಗುಚ್ಛ ಕೊಡುವುದು ಬೇಕು. ಖರ್ಚಿನ ಲೆಕ್ಕ ಬರೆಯುವುದು ಯಾರಿಗೂ ಬೇಡ. ನಾನು ಅದನ್ನು ತಗೊಂಡೆ, ಏಕೆಂದರೆ ನನಗೂ ಮೈಕ್ ಎಂದರೆ ಆಗುತ್ತಿರಲಿಲ್ಲ. ಸ್ಪಾನ್ಸರ್ ಕೇಳಲು ಕೊಪ್ಪಿಕರ ರಸ್ತೆ, ದಾಜಿಬಾನ ಪೇಟೆ ಎಲ್ಲ ಸುತ್ತಿದೆವು. ಒಬ್ಬ ಬಟ್ಟೆ ವ್ಯಾಪಾರಿ ನಮ್ಮ ಪಿಪಿಟಿಯ ಕಡೆ ಕಣ್ಣೂ ಹಾಕಲಿಲ್ಲ. ರಸೀದಿ ಪುಸ್ತಕ ಇದೆಯಾ, ಬ್ಯಾನರಿನಲ್ಲಿ ನನ್ನ ಅಂಗಡಿ ಹೆಸರು ಎಷ್ಟು ದೊಡ್ಡದು, ಪಕ್ಕದ ಅಂಗಡಿಯವನು ಎಷ್ಟು ಕೊಟ್ಟ, ಇಷ್ಟೇ ಕೇಳಿದ. ರಸೀದಿ ಇಲ್ಲ ಎಂದಾಗ ಚಾ ಕುಡಿಸಿ ವಾಪಸ್ ಕಳಿಸಿದ. ಮರುದಿನ ಪ್ರಿನ್ಸಿಪಾಲರ ಸೀಲ್ ಹಾಕಿಸಿದ ರಸೀದಿ ಪುಸ್ತಕ ಹಿಡಿದು ಹೋದೆವು, ಕೊಟ್ಟ. ಸ್ಪಾನ್ಸರ್‌ಶಿಪ್ ಅಂತ ಸಿಲೆಬಸ್‌ನಲ್ಲಿ ಎಷ್ಟು ಪುಟ ಇದ್ದರೂ ಆ ಚಾದಷ್ಟು ಕಲಿಸುವುದಿಲ್ಲ.

ಆಮೇಲೆ ಪೆಂಡಾಲಿನವನ ಅಡ್ವಾನ್ಸು, ಫ್ಲೆಕ್ಸಿನವನ ಉದ್ರಿ, ಊಟದವನ ಕಚ್ಚಾ ಬಿಲ್ಲು. ಕಚ್ಚಾ ಬಿಲ್ಲು ಆಫೀಸಿನಲ್ಲಿ ಪಾಸ್ ಆಗುವುದಿಲ್ಲ, ಪಕ್ಕಾ ಬಿಲ್ಲು ಕೇಳಿದರೆ ಜಿಎಸ್‌ಟಿ ಮೇಲೆ ಬೀಳುತ್ತದೆ, ಆಗ ಬಜೆಟ್ ಉಲ್ಟಾ. ಇಂಟರ್‌ವ್ಯೂನಲ್ಲಿ ನನಗೆ ಡೆಬಿಟ್ ಕ್ರೆಡಿಟ್ ನಿಯಮ ಯಾರೂ ಕೇಳಲಿಲ್ಲ. ಫೆಸ್ಟ್ ಲೆಕ್ಕ ಹೇಗೆ ಇಟ್ಟೆ, ಕೊರತೆ ಬಿದ್ದಾಗ ಏನು ಮಾಡಿದೆ ಅಂತ ಕೇಳಿದರು. ಮಾತು ತಾನಾಗಿ ಬಂತು.

ತಂಗಿ, ನಿನಗೆ ಅನುಕೂಲ ಏನೆಂದರೆ ಲೆಕ್ಕ ಬರೆಯಲು, ಕೊಟೇಶನ್ ತರಿಸಲು ನಾಲ್ಕರ ಮೇಲೆ ಉಳಿಯಬೇಕಾಗಿಲ್ಲ. ಕ್ಲಾಸಿನ ನಡುವೆ ಬಿಡುವಿರುತ್ತದಲ್ಲ, ಅಷ್ಟು ಸಾಕು. ಟ್ರೇನಿನಲ್ಲಿ ಮೊಬೈಲಿನಲ್ಲೇ ಶೀಟ್ ತುಂಬಿಸಬಹುದು.

ಮಿರ್ಚಿ ಗಿರ್ಮಿಟ್
ಅಕ್ಕಾರೆ, ಟ್ರೇನಿನಲ್ಲಿ ಸೀಟು…

ಲೆಡ್ಜರ್ ಅಕ್ಕ
ನಿಂತುಕೊಂಡೇ ತುಂಬಿಸಬಹುದು ಮಾರಾಯ.

ಬಾಗಿಲ ಹತ್ತಿರ ಬೆಂಚು
ಲೆಕ್ಕದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನಲ್ಲಿ (ಹೆಸರು ಬೇಡ) ಫೆಸ್ಟಿಗೆ ಅಂತ ಪ್ರತಿಯೊಬ್ಬರಿಂದ ದುಡ್ಡು ತಗೊಂಡರು. ಟಿ-ಶರ್ಟ್ ಬರಲಿಲ್ಲ, ಊಟ ಅರ್ಧ ಜನಕ್ಕೆ ಮುಗಿಯಿತು, ಲೆಕ್ಕ ಕೇಳಿದವರಿಗೆ "ನಿನಗೆ ಕಾಲೇಜ್ ಸ್ಪಿರಿಟ್ ಇಲ್ಲ" ಅಂದರು. ಅಂಥ ಕಮಿಟಿಯಲ್ಲಿ ಫಸ್ಟ್ ಇಯರ್ ಹುಡುಗಿಯನ್ನು ಖಜಾಂಚಿ ಮಾಡುವುದು ಬೇರೆ ಕಾರಣಕ್ಕೆ ಇರಬಹುದು. ಕೊರತೆ ಬಿದ್ದರೆ ಕುತ್ತಿಗೆ ಅವಳದು.

ಲೆಡ್ಜರ್ ಅಕ್ಕ
ಸರಿಯಾದ ಮಾತು, ಇದನ್ನು ನಾನೇ ಹೇಳಬೇಕಿತ್ತು. ಮೊದಲ ವರ್ಷ ನಗದು ಕೈಯಲ್ಲಿ ಇಟ್ಟುಕೊಳ್ಳಬೇಡ. ದುಡ್ಡು ಮೇಷ್ಟ್ರ ಹತ್ತಿರ ಇಲ್ಲವೇ ಕಾಲೇಜಿನ ಖಾತೆಯಲ್ಲಿ ಇರಲಿ, ನೀನು ಬರೆಯುವವಳು ಮಾತ್ರ. ವೈಯಕ್ತಿಕ ಯುಪಿಐಗೆ ಯಾರದ್ದೂ ಹಣ ತರಿಸಬೇಡ, ಒಂದು ಸಲವೂ ಬೇಡ.

ಪರೇಡ್ ಗ್ರೌಂಡ್
ಎನ್ನೆಸ್ಸೆಸ್ ಬಗ್ಗೆ ಸ್ವಲ್ಪ ವಿವರ ಹೇಳುತ್ತೇನೆ. ಎರಡು ವರ್ಷಕ್ಕೆ 240 ತಾಸು ಸೇವೆ, ಅಂದರೆ ವರ್ಷಕ್ಕೆ 120. ಜೊತೆಗೆ 7 ದಿನದ ವಿಶೇಷ ಶಿಬಿರ. ತಾಸುಗಳು ವಾರದಲ್ಲಿ ಹಂಚಿಹೋಗುತ್ತವೆ, ಅಪ್‌ಡೌನ್ ಮಾಡುವವರಿಗೂ ಕಷ್ಟವಲ್ಲ. ಶಿಬಿರಕ್ಕೆ ಮಾತ್ರ ಉಳಿಯಲೇಬೇಕು. ಅದು ಮೊದಲ ವರ್ಷವೇ ಆಗಬೇಕೆಂದಿಲ್ಲ, ಎರಡನೇ ವರ್ಷ ಹೋದರೂ ನಡೆಯುತ್ತದೆ. ಅಷ್ಟರಲ್ಲಿ ಮನೆಯವರಿಗೂ ಕಾಲೇಜಿನ ಪರಿಚಯ ಆಗಿರುತ್ತದೆ.

ಎನ್‌ಸಿಸಿ ಆದರೆ ಈಗಲೇ ಯೋಚಿಸು, ಆಮೇಲೆ ಬಾಗಿಲು ಮುಚ್ಚುತ್ತದೆ. ಎರಡು ವರ್ಷದ ತರಬೇತಿಗೆ ಬಿ ಸರ್ಟಿಫಿಕೇಟ್, ಮೂರನೇ ವರ್ಷಕ್ಕೆ ಸಿ. ಎರಡನೇ ವರ್ಷ ಸೇರಿದರೆ ಡಿಗ್ರಿ ಮುಗಿಯುವಷ್ಟರಲ್ಲಿ ಸಿ ಸಿಗುವುದು ಕಷ್ಟ. ಆರ್ಮಿಯಲ್ಲಿ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಇದೆ. ಸಿ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ 50% ಇದ್ದರೆ ಬರಹ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಇಂಟರ್‌ವ್ಯೂಗೆ ಕರೆಯುತ್ತಾರೆ, ಹುಡುಗಿಯರಿಗೂ ಇದೆ. ಸರ್ಟಿಫಿಕೇಟಿಗೆ ಬೆಲೆ ಇಲ್ಲ ಎಂದ ಸಪ್ತಾಪುರದ ಅಣ್ಣನಿಗೆ ಇದು ಉತ್ತರ. ಆದರೆ ಪರೇಡ್ ಬೆಳಗಿನ ಜಾವ. ಗದಗದಿಂದ ಬರುವವರಿಗೆ ಅದು ಹೇಗೆ ಹೊಂದುತ್ತದೆ, ನೀನೇ ಲೆಕ್ಕ ಹಾಕು.

ಸಪ್ತಾಪುರ ರೀಡಿಂಗ್ ರೂಮ್
ಎನ್‌ಸಿಸಿ ಒಪ್ಪುತ್ತೇನೆ. ಫೆಸ್ಟ್ ಒಪ್ಪುವುದಿಲ್ಲ. ವಿಆರ್‌ಎಲ್ ಸಾರಿಗೆ ಕಂಪನಿ ಶುರುವಾದದ್ದು 1976ರಲ್ಲಿ, ಗದಗದಲ್ಲಿ, ಒಂದೇ ಒಂದು ಲಾರಿಯಿಂದ. ಅದಕ್ಕೆ ಯಾವ ಮ್ಯಾನೇಜ್‌ಮೆಂಟ್ ಫೆಸ್ಟ್ ಬೇಕಾಯಿತು?

ಲೆಡ್ಜರ್ ಅಕ್ಕ
ಯಾವ ರೀಡಿಂಗ್ ರೂಮ್ ಬೇಕಾಯಿತು ಅಂತ ನಾನೂ ಕೇಳಬಹುದಲ್ವಾ.

ಮಿರ್ಚಿ ಗಿರ್ಮಿಟ್
ಅಕ್ಕ 1, ಸಪ್ತಾಪುರ 0.

ಸಿಎ ಆಗೇ ತೀರುತ್ತೇನೆ
ಇಲ್ಲಿ ಯಾರೂ ಸಿಎ ಮಾತೇ ಎತ್ತಿಲ್ಲ, ಆಶ್ಚರ್ಯ. ಬಿಕಾಂ ಮಾಡುತ್ತಾ ಸಿಎಯ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಮುಗಿಸುವುದಾದರೆ ಮೊದಲ ವರ್ಷ ಯಾವ ಕಮಿಟಿಗೂ ಹೋಗಬೇಡ. ನಾಲ್ಕು ಪೇಪರ್, ಪ್ರತಿಯೊಂದರಲ್ಲಿ 40, ಒಟ್ಟು ಸೇರಿ 50% ಬೇಕು. ಕೊನೆಯ ಎರಡು ಪೇಪರಿನಲ್ಲಿ ತಪ್ಪು ಉತ್ತರಕ್ಕೆ ಕಾಲು ಮಾರ್ಕು ಕಟ್. ಅದಾದ ಮೇಲೆ ಮೂರು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿ.

ಕೀರ್ದಿ ಖತಾವಣಿ
ಆರ್ಟಿಕಲ್‌ಶಿಪ್ ಈಗ ಮೂರಲ್ಲ, ಎರಡು ವರ್ಷ. 2023ರ ಹೊಸ ಸ್ಕೀಮಿನಲ್ಲಿ ಬದಲಾಯಿತು. ಇನ್ನೊಂದು ದಾರಿಯೂ ಇದೆ. ಬಿಕಾಂನಲ್ಲಿ 55% ತೆಗೆದರೆ ಫೌಂಡೇಶನ್ ಬರೆಯದೆ ನೇರವಾಗಿ ಎರಡನೇ ಹಂತದ ಇಂಟರ್‌ಗೆ ಹೋಗಬಹುದು. ಹಾಗಾಗಿ ಮೊದಲ ವರ್ಷವೇ ಹುಡುಗಿಯನ್ನು ಹೆದರಿಸಬೇಡ್ರಿ. ಹುಬ್ಬಳ್ಳಿಯಲ್ಲೇ ಸಿಎ ಪರೀಕ್ಷೆ ನಡೆಸುವ ಐಸಿಎಐ ಶಾಖೆ ಇದೆ, ಹೋಗಿ ಕೇಳಿದರೆ ತಿಳಿಸಿ ಹೇಳುತ್ತಾರೆ.

ನಮ್ಮ ಅಜ್ಜ ಅಮರಗೋಳ ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕೀರ್ದಿ ಬರೆದು ಖತಾವಣಿಗೆ ಎತ್ತುವುದನ್ನು ಅವರ ಪಕ್ಕ ಕೂತು ನೋಡಿದ್ದೆ. ಕಾಲೇಜಿನಲ್ಲಿ ಜರ್ನಲ್, ಲೆಡ್ಜರ್ ಅಂತ ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿದಾಗ ಅಯ್ಯೋ ಇದು ಅದೇ ಅಲ್ವಾ ಅನ್ನಿಸಿತು. ಲೆಡ್ಜರ್ ಅಕ್ಕನ ಸಲಹೆಗೆ ನನ್ನ ಓಟು.

ಧಾರವಾಡದ ಮಳೆ
ಎಲ್ಲ ಸರಿ, ಆದರೆ ಕಾಲೇಜು ಜೀವನ ಬೇಕೆಂದರೆ ಧಾರವಾಡಕ್ಕೆ ಬರಬೇಕಿತ್ತು. ಹುಬ್ಬಳ್ಳಿಯಲ್ಲಿ ವ್ಯಾಪಾರ ಇದೆ, ಧೂಳು ಇದೆ, ಕ್ಯಾಂಪಸ್ ಎಲ್ಲಿದೆ? ಕರ್ನಾಟಕ ಕಾಲೇಜಿನ ಮರಗಳ ಕೆಳಗೆ ಒಂದು ಸಂಜೆ ಕೂತು ನೋಡು. 1917ರ ಕಾಲೇಜು ಅದು. ವಿದ್ಯಾವರ್ಧಕ ಸಂಘದಲ್ಲಿ ದಿನಕ್ಕೊಂದು ಕಾರ್ಯಕ್ರಮ.

ಹಳೇ ಹುಬ್ಬಳ್ಳಿ
ಬಿಸಿನೆಸ್ ಓದುವವರು ವ್ಯಾಪಾರ ಇರುವ ಊರಿಗೆ ಬರಬೇಕೋ, ಮರ ಇರುವ ಊರಿಗೋ? ಪೇಡಾ ತಿಂದು ಮಲಗಿ ನೀವು.

ಧಾರವಾಡದ ಮಳೆ
ಪೇಡಾಕ್ಕೆ ಜಿಐ ಟ್ಯಾಗ್ ಇದೆ. ಗಿರ್ಮಿಟ್‌ಗೆ ಇದೆಯಾ?

ಮಿರ್ಚಿ ಗಿರ್ಮಿಟ್
ನನ್ನನ್ನು ಯಾಕೆ ಎಳೆಯುತ್ತೀರಿ.

ಚಿಗರಿ ಕಂಬಿ ಹಿಡಿದು
ಊರಿನ ಜಗಳ ನಿಲ್ಲಿಸ್ರಿ. ಇಪ್ಪತ್ತು ಕಿಲೋಮೀಟರ್, ಚಿಗರಿ ಬಸ್ಸು ಹತ್ತಿದರೆ ಎರಡೂ ಒಂದೇ ಊರು. ನಾನು ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬಿಬಿಎ ಓದುತ್ತೇನೆ. ಗೆಳೆಯರು ಆಗಿದ್ದೆಲ್ಲ ಕಾಲೇಜಿನಲ್ಲಲ್ಲ, ಬಸ್ಸಿನಲ್ಲಿ. ತಂಗಿ, ನಿನ್ನ ಟ್ರೇನಿನಲ್ಲಿ ನಿಮ್ಮದೇ ಕಾಲೇಜಿನ ಸೀನಿಯರ್‌ಗಳು ಖಂಡಿತ ಇರುತ್ತಾರೆ, ಅಣ್ಣಿಗೇರಿಯಲ್ಲಿ ಹತ್ತುವವರೂ ಇರುತ್ತಾರೆ. ಮೊದಲು ಅವರನ್ನು ಮಾತಾಡಿಸು. ಅಪ್‌ಡೌನ್ ಮಾಡುತ್ತಲೇ ಕಮಿಟಿಯಲ್ಲಿ ಇರುವವರು ಯಾರು, ಹೇಗೆ ಸಂಭಾಳಿಸುತ್ತಾರೆ ಅಂತ ಅವರಿಗೇ ಗೊತ್ತು. ಲಾಸ್ಟ್ ಟ್ರೇನಿಗೆ ಜೊತೆ ಸಿಕ್ಕರೆ ಅಪ್ಪನ ಚಿಂತೆಯೂ ಅರ್ಧ ಕಡಿಮೆ.

ಗದಗ ಪ್ಯಾಸೆಂಜರ್
ಇದು ನನಗೆ ಹೊಳೆದೇ ಇರಲಿಲ್ಲ. ಲೇಡೀಸ್ ಡಬ್ಬಿಯಲ್ಲಿ ಒಬ್ಬ ಅಕ್ಕ ದಿನಾ ನಮ್ಮ ಕಾಲೇಜಿನ ಐಡಿ ಕಾರ್ಡ್ ಹಾಕಿಕೊಂಡೇ ಬರುತ್ತಾರೆ.

ಬ್ಯಾಡಗಿ ಡಬ್ಬಿ
ಕನ್ನಡ ಮಾಧ್ಯಮದ ಹೆದರಿಕೆ ಬಗ್ಗೆ ಹೇಳುತ್ತೇನೆ, ಏಕೆಂದರೆ ನಾನೂ ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯವನು. ಅಂತರ ಕಾಲೇಜು ಫೆಸ್ಟ್‌ಗಳಲ್ಲಿ ಬೆಸ್ಟ್ ಮ್ಯಾನೇಜರ್, ಬಿಸಿನೆಸ್ ಕ್ವಿಜ್, ಆಡ್ ಮ್ಯಾಡ್, ಪ್ರಾಡಕ್ಟ್ ಲಾಂಚ್ ಅಂತ ಸ್ಪರ್ಧೆಗಳು ಇರುತ್ತವೆ. ನಮ್ಮ ತಂಡ ಪ್ರಾಡಕ್ಟ್ ಲಾಂಚ್‌ಗೆ ಹೋಯಿತು. ಉಳಿದವರೆಲ್ಲ ಆ್ಯಪು, ಡ್ರೋನು, ಸ್ಮಾರ್ಟ್ ವಾಚು ಅಂತ ಇಂಗ್ಲಿಷಿನಲ್ಲಿ ಹೊಡೆದರು. ನಾವು ಬ್ಯಾಡಗಿ ಮೆಣಸಿನಕಾಯಿ ಹಿಡಿದುಕೊಂಡು ಹೋದೆವು.

ಕಡ್ಡಿ ಯಾವುದು, ಡಬ್ಬಿ ಯಾವುದು, ಡಬ್ಬಿ ಯಾಕೆ ಗಿಡ್ಡ ದಪ್ಪ, ಖಾರ ಕಡಿಮೆ ಇದ್ದರೂ ಬಣ್ಣಕ್ಕೆ ಯಾಕೆ ಇಷ್ಟು ಬೇಡಿಕೆ, ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತಿಂಡಿಯ ಬಣ್ಣಕ್ಕೂ ಲಿಪ್‌ಸ್ಟಿಕ್‌ಗೂ ಹೇಗೆ ಹೋಗುತ್ತದೆ, 2011ರಲ್ಲಿ ಬಂದ ಜಿಐ ಟ್ಯಾಗಿನಿಂದ ಪ್ಯಾಕೆಟಿನ ಮೇಲೆ ಏನು ಬರೆಯಬಹುದು, ಇಷ್ಟನ್ನೇ ಹೇಳಿದೆವು. ಅರ್ಧ ಕನ್ನಡ, ಅರ್ಧ ಒಡೆದ ಇಂಗ್ಲಿಷ್. ಜಡ್ಜ್ ಆಗಿ ಕೂತಿದ್ದವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ನಮ್ಮ ಮನೆಯ ಹೊಲದ ವಿಷಯ, ಯಾವುದಕ್ಕೂ ತಡಬಡಾಯಿಸಲಿಲ್ಲ. ಡ್ರೋನಿನವರಿಗೆ ಬ್ಯಾಟರಿ ಎಲ್ಲಿಂದ ತರುತ್ತೀರಿ ಎಂದಾಗ ಗಪ್ಪಾದರು.

ಬಹುಮಾನ ಬರಲಿಲ್ಲ, ಅದು ಬೇರೆ ವಿಷಯ. ಆದರೆ ಇಂಗ್ಲಿಷ್ ಬಂದ ಮೇಲೆ ಸ್ಟೇಜ್ ಹತ್ತುತ್ತೇನೆ ಎಂದು ಕೂತರೆ ಮೂರು ವರ್ಷ ಮುಗಿಯುತ್ತದೆ. ಗೊತ್ತಿರುವ ವಸ್ತು ಹಿಡಿದು ಹತ್ತಬೇಕು. ನಿನಗೆ ಬೆಟಗೇರಿಯ ಮಗ್ಗ ಇದೆಯಲ್ಲ. ಸೀರೆಯ ಲೆಕ್ಕ ಕೇಳಿದರೆ ಯಾರ ಮುಂದೆ ಬೇಕಾದರೂ ಹೇಳುತ್ತೀಯ.

ಗದಗ ಪ್ಯಾಸೆಂಜರ್
ಅಣ್ಣಾ, ನಮ್ಮ ಸೋದರಮಾವನ ಮನೆಯಲ್ಲಿ ಮಗ್ಗ ಇದೆ. ನೂಲಿನ ರೇಟು, ಕೂಲಿ, ಅಂಗಡಿಯವರು ಎಷ್ಟಕ್ಕೆ ತಗೊಂಡು ಎಷ್ಟಕ್ಕೆ ಮಾರುತ್ತಾರೆ, ಎಲ್ಲ ಗೊತ್ತು. ಇದನ್ನು ಕಾಲೇಜಿನಲ್ಲಿ ಕೇಳುತ್ತಾರೆ ಅಂತಲೇ ಅಂದುಕೊಂಡಿರಲಿಲ್ಲ.

ಸ್ಟಾಫ್ ರೂಮಿನಿಂದ
ನಾನು ಕಾಮರ್ಸ್ ಕಲಿಸುವವನು, ಯಾವ ಕಾಲೇಜು ಎಂಬುದು ಬೇಡ. ಮೇಷ್ಟ್ರ ಕಡೆಯಿಂದ ಒಂದೆರಡು ಮಾತು.

ಹಾಜರಿ 75% ಕೆಳಗೆ ಇಳಿಯಬಾರದು. ಕಾರ್ಯಕ್ರಮಕ್ಕೆ ಹೋದ ದಿನ ಆನ್ ಡ್ಯೂಟಿ ಹಾಜರಿ ಸಿಗುತ್ತದೆ ಎಂದು ಸೀನಿಯರ್‌ಗಳು ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ. ಸಂಚಾಲಕರ ಸಹಿ ಇರುವ ಪತ್ರ ಅದೇ ವಾರ ತರಗತಿ ಶಿಕ್ಷಕರಿಗೆ ಮುಟ್ಟಬೇಕು. ಸೆಮಿಸ್ಟರ್ ಕೊನೆಗೆ ಪತ್ರದ ಕಂತೆ ಹಿಡಿದು ಬಾಗಿಲಲ್ಲಿ ನಿಲ್ಲುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಇನ್ನೊಂದು, ಅಸೋಸಿಯೇಷನ್ ಎಂದರೆ ಫೆಸ್ಟ್ ಮಾತ್ರ ಅಲ್ಲ. ಇಂಡಸ್ಟ್ರಿಯಲ್ ವಿಸಿಟ್ ಎಂದರೆ ಈಗಿನ ಮಕ್ಕಳು ಗೋವಾ, ಊಟಿ ಎನ್ನುತ್ತಾರೆ, ನಡುವೆ ಒಂದು ಬಿಸ್ಕೆಟ್ ಫ್ಯಾಕ್ಟರಿ ಸೇರಿಸಿ ವಿಸಿಟ್ ಎಂದು ಬರೆಯುತ್ತಾರೆ. ಗದಗದ ಪಕ್ಕದ ಕಣಗಿನಹಾಳಕ್ಕೆ ಎಷ್ಟು ಬಿಕಾಂ ವಿದ್ಯಾರ್ಥಿಗಳು ಹೋಗಿದ್ದಾರೆ? 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದು ಎಂದು ಹೆಸರಾಗಿದೆ. ಸಹಕಾರ ಕಾಯ್ದೆ ಬಂದದ್ದು 1904ರಲ್ಲಿ, ಮರುವರ್ಷವೇ ಹಳ್ಳಿಯಲ್ಲಿ ಸಂಘ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಸ್ಟರ್ ಬಟ್ಟೆಗೂ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅವಕಾಶ ಸಿಕ್ಕಿತು. ಆಗ ಕೈಮಗ್ಗದ ಧ್ವಜದ ಬೆಲೆ, ಬೇಡಿಕೆ ಏನಾಗುತ್ತದೆ? ಇದಕ್ಕಿಂತ ಒಳ್ಳೆಯ ಕೇಸ್ ಸ್ಟಡಿ ಯಾವ ಪುಸ್ತಕದಲ್ಲಿ ಇದೆ ಹೇಳಿ. ಸಿಟಿ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಹೊತ್ತಿಗೆ ವಾಪಸ್ ಬರಬಹುದು. ಇಂಥದ್ದನ್ನು ಒಬ್ಬ ವಿದ್ಯಾರ್ಥಿ ತಾನೇ ಪತ್ರ ಬರೆದು, ಅನುಮತಿ ತಗೊಂಡು ಏರ್ಪಾಡು ಮಾಡಿದರೆ ನಾನಂತೂ ಅವರ ಹೆಸರು ಮರೆಯುವುದಿಲ್ಲ.

ಬಾಗಿಲ ಹತ್ತಿರ ಬೆಂಚು
ಸರ್, ಅನುಮತಿ ಪತ್ರಕ್ಕೆ ಸಹಿ ಮಾಡಿಸಲು ಆಫೀಸಿನ ಮುಂದೆ ನಿಲ್ಲುವ ಹೊತ್ತಿನಲ್ಲಿ ಕಣಗಿನಹಾಳಕ್ಕೆ ನಡೆದು ಹೋಗಿ ಬರಬಹುದು.

ಸ್ಟಾಫ್ ರೂಮಿನಿಂದ
ಅದೂ ಬಿಸಿನೆಸ್ ಕಲಿಕೆಯೇ 😀 ಆದರೆ ದೂರು ನ್ಯಾಯವಾದದ್ದು.

ಉಣಕಲ್ ಗಾಳಿ
ಅಪ್ಪನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ ನೋಡ್ರಿ. ನನ್ನ ಅನುಭವದಲ್ಲಿ ಮನೆಯವರಿಗೆ ಚಟುವಟಿಕೆ ಎಂದರೆ ಅರ್ಥವಾಗುವುದಿಲ್ಲ, ಎಷ್ಟು ಗಂಟೆಗೆ ಬರುತ್ತೀಯ ಎಂಬುದಷ್ಟೇ ಮುಖ್ಯ. ಟೈಮ್ ಹೇಳಿ, ಹೇಳಿದ ಟೈಮಿಗೆ ಬಂದರೆ ಎರಡನೇ ಸಲ ಜಾಸ್ತಿ ಕೇಳುವುದಿಲ್ಲ. ನಮ್ಮ ಅವ್ವ ಮೊದಲು ಕ್ಯಾಂಪ್ ಬೇಡವೇ ಬೇಡ ಎಂದವಳು ಆಮೇಲೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಎಲ್ಲರಿಗೂ ಸಾಲುವಷ್ಟು ಕಳಿಸಿದಳು.

ಹಳೇ ಹುಬ್ಬಳ್ಳಿ
ಹುಡುಗನಿಗೆ ಹಾಗೆ. ಹುಡುಗಿಗೆ ಎರಡನೇ ಸಲವೂ ಕೇಳುತ್ತಾರೆ, ಮೂರನೇ ಸಲವೂ ಕೇಳುತ್ತಾರೆ.

ಲೆಡ್ಜರ್ ಅಕ್ಕ
ನಿಜ. ನನ್ನ ಅಪ್ಪನನ್ನು ಒಂದು ಸಲ ಕಾರ್ಯಕ್ರಮಕ್ಕೇ ಕರೆದುಕೊಂಡು ಹೋದೆ. ಹಿಂದಿನ ಕುರ್ಚಿಯಲ್ಲಿ ಕೂತು ಪೂರ್ತಿ ನೋಡಿದರು. ಮನೆಗೆ ಬಂದು ಪೆಂಡಾಲಿಗೆ ಎಷ್ಟು ಕೊಟ್ಟಿರಿ ಅಂತ ಕೇಳಿ, ಜಾಸ್ತಿ ಆಯಿತು ಅಂದರು. ಅಲ್ಲಿಂದ ಅವರೇ ರೇಟ್ ವಿಚಾರಿಸಿ ಹೇಳುತ್ತಿದ್ದರು.

ಸಪ್ತಾಪುರ ರೀಡಿಂಗ್ ರೂಮ್
ಸರಿ, ಇಷ್ಟು ಜನ ಹೇಳುತ್ತಿದ್ದೀರಿ. ಒಂದಕ್ಕೆ ಸೇರಲಿ. ಒಂದೇ. ಮೂರು ವಾಟ್ಸ್ಯಾಪ್ ಗ್ರೂಪಿಗೆ ಸೇರಿ ಯಾವುದರಲ್ಲೂ ಕೆಲಸ ಮಾಡದೆ ಫೋಟೋದಲ್ಲಿ ಮಾತ್ರ ನಿಲ್ಲುವವರು ಬೇಕಾದಷ್ಟು ಇದ್ದಾರೆ. ಪರೀಕ್ಷೆಯ ತಿಂಗಳು ಯಾವ ಕಮಿಟಿ ಕರೆದರೂ ಇಲ್ಲ ಅನ್ನಬೇಕು. ಫೆಸ್ಟ್ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಮಿರ್ಚಿ ಗಿರ್ಮಿಟ್
ಮಾರ್ಕೆಟಿಂಗ್ ಡೇಗೆ ಫುಡ್ ಸ್ಟಾಲ್ ಹಾಕಿದರೆ ನಾನು ಬರುತ್ತೇನೆ, ಗಿರ್ಮಿಟ್ ಹಾಕ್ರಿ. ಪಾಸ್ತಾ ಬೇಡ, ಕೈಮುಗಿದು ಕೇಳುತ್ತೇನೆ.

ಗದಗ ಪ್ಯಾಸೆಂಜರ್
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಇವತ್ತು ಟ್ರೇನಿನಲ್ಲಿ ಐಡಿ ಕಾರ್ಡಿನ ಅಕ್ಕನನ್ನು ಮಾತಾಡಿಸಿದೆ. ಅವರು ಕಾಮರ್ಸ್ ಅಸೋಸಿಯೇಷನ್ನಿನಲ್ಲೇ ಇದ್ದಾರೆ, ಮನೆ ಗದಗದಲ್ಲೇ! ಮಾರ್ಕೆಟಿಂಗ್ ಡೇ ಇನ್ನೇನು ಬಂತಂತೆ, ಸ್ಟಾಲ್‌ಗಳ ಖರೀದಿ ನೋಡಿಕೊಳ್ಳಲು ಯಾರೂ ಮುಂದೆ ಬಂದಿಲ್ಲವಂತೆ. ಬರುತ್ತೇನೆ ಎಂದು ಹೇಳಿದ್ದೇನೆ. ಎನ್ನೆಸ್ಸೆಸ್ ಫಾರ್ಮ್ ಕೂಡ ತಂದಿದ್ದೆ, ಸಪ್ತಾಪುರದ ಅಣ್ಣ ಒಂದೇ ಎಂದಿದ್ದಕ್ಕೆ ಬ್ಯಾಗಿನಲ್ಲಿ ಇಟ್ಟಿದ್ದೇನೆ. ಲೆಡ್ಜರ್ ಅಕ್ಕಾ, ಖರೀದಿಗೆ ಅಡ್ವಾನ್ಸ್ ಕೊಡುತ್ತಾರಂತೆ, ನಗದು ಮುಟ್ಟಬೇಡ ಅಂದಿದ್ದಿರಿ. ಈಗ ಏನು ಮಾಡಲಿ?

ಲೆಡ್ಜರ್ ಅಕ್ಕ
ಚಲೋ ಆಯಿತು. ಅಡ್ವಾನ್ಸ್ ಒಬ್ಬಳೇ ತಗೋಬೇಡ, ಆ ಅಕ್ಕನೂ ಜೊತೆಗಿರಲಿ. ಕೊಟ್ಟವರು, ತಗೊಂಡವರು ಇಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಮೊತ್ತ ಬರೆದು ಸಹಿ ಮಾಡಬೇಕು. ಮಂಡಕ್ಕಿ, ಉಳ್ಳಾಗಡ್ಡಿಗೆ ಬಿಲ್ ಸಿಗುವುದಿಲ್ಲ, ಅಂಥದ್ದಕ್ಕೆ ವೋಚರ್ ಬರೆದು ಮಾರಿದವರ ಸಹಿ ತಗೋ. ಸಂಜೆ ಉಳಿದ ದುಡ್ಡು ಅದೇ ದಿನ ಮೇಷ್ಟ್ರಿಗೆ ಕೊಟ್ಟೇ ಟ್ರೇನ್ ಹತ್ತು, ಮನೆಗೆ ಒಯ್ಯಬೇಡ. ಎಣ್ಣೆ ಮಾತ್ರ ಮೊದಲೇ ಜಾಸ್ತಿ ತರಿಸು, ಮಿರ್ಚಿ ಸ್ಟಾಲಿನಲ್ಲಿ ಮಧ್ಯಾಹ್ನವೇ ಖಾಲಿಯಾಗುತ್ತದೆ.